ಟೊಮೆಟೊ ಪಾತಿಯಿಂದ ಎದ್ದು ಬಂದ ಕೋಲು

ಶನಿವಾರ, ಬೆಳಗಿನ ಐದೂವರೆ. ಯಾಂತ್ರಾ ಹೊಳೆಯ ಮೀನುಗಳೂ ಇನ್ನೂ ಎದ್ದಿಲ್ಲ. ಆದರೆ ಸೇತುವೆ ಪಕ್ಕದ ನೆಲಮಾಳಿಗೆಯಲ್ಲಿರುವ 'ಏಳು ಮೇಜು' ಪೂಲ್ ಹಾಲ್‌ನಲ್ಲಿ ತೋತ್ಕಾ ಮಿನೆವಾ ಎದ್ದು, ಹಲ್ಲುಜ್ಜಿ, ಕಾಫಿ ಕುಡಿದು, ಏಣಿ ಹತ್ತಿ ನಿಂತಿದ್ದಾರೆ. ಚಾವಣಿಯ ಕೊಕ್ಕೆಯಿಂದ ಒಂದು ದಾರ ಇಳಿಬಿದ್ದಿದೆ. ದಾರದ ತುದಿಯಲ್ಲಿ ಪೂಲ್ ಮೇಜಿನ ಚೆಂಡು ಹೊಡೆಯುವ ಒಂದು ಕ್ಯೂ ಕೋಲು ಬುಡ ಮೇಲಾಗಿ, ಮೊನೆ ಕೆಳಗಾಗಿ ತೂಗುತ್ತಿದೆ. ಎರಡು ದಿನದಿಂದ ಅದು ಹಾಗೇ ತೂಗುತ್ತಾ ಒಣಗುತ್ತಿದೆ.

ತೋತ್ಕಾ ಅದನ್ನು ಬಿಚ್ಚಿಕೊಂಡು ಕೆಳಗಿಳಿಯುತ್ತಾರೆ. ರಸ್ತೆ ಮಟ್ಟದಲ್ಲಿರುವ ಸಣ್ಣ ಕಿಟಕಿಯ ಕಡೆ ಮೊನೆ ಹಿಡಿದು, ಬುಡವನ್ನು ಕಣ್ಣಿಗೆ ತಾಗಿಸಿ, ರೊಟ್ಟಿ ಸುಡುವಷ್ಟು ನಿಧಾನಕ್ಕೆ ತಿರುಗಿಸುತ್ತಾರೆ. ಕಾಲು ಸುತ್ತು, ಅರ್ಧ ಸುತ್ತು, ಮುಕ್ಕಾಲು. ಅಲ್ಲಿ ಕೈ ನಿಲ್ಲುತ್ತದೆ.

"ಕೂದಲೆಳೆಯಷ್ಟು ಬಾಗಿದೆ," ಎನ್ನುತ್ತಾರೆ.

ನಾನೂ ಕಣ್ಣಿಟ್ಟು ನೋಡುತ್ತೇನೆ. ಹದ್ದಿನ ಕಣ್ಣು ನನ್ನದು, ಬೆಟ್ಟದ ಮೇಲಿನ ಕುರಿಯ ಕಿವಿಯಲ್ಲಿರುವ ಉಣ್ಣಿಗಳನ್ನು ಇಲ್ಲಿಂದಲೇ ಎಣಿಸಬಲ್ಲೆ. ನನಗೇನೂ ಕಾಣುವುದಿಲ್ಲ.

ನಾಳೆ ಭಾನುವಾರ, ಪ್ಲೋವ್ದಿವ್‌ನಲ್ಲಿ ರಾಷ್ಟ್ರೀಯ ಮಹಿಳಾ ಪೂಲ್ ತಂಡದ ಆಯ್ಕೆ. ನಮ್ಮ ಗಾಬ್ರೊವೊದಿಂದ ಹೋಗುತ್ತಿರುವುದು ದಿಲ್ಯಾನಾ ಒಬ್ಬಳೇ. ಊರ ಬಸ್ಸು ಓಡಿಸುವವಳು, ವಯಸ್ಸು ಮೂವತ್ತನಾಲ್ಕು. ಇದು ಅವಳ ಕೋಲು. ತೀರಿಕೊಂಡ ಅವಳಪ್ಪ ನಮ್ಮ ಬೆಟ್ಟದ ಗಾಬರ್ ಮರದಿಂದ, ಅಂದರೆ ಈ ಊರಿಗೆ ಹೆಸರು ಕೊಟ್ಟ ಮರದಿಂದಲೇ, ಸ್ವತಃ ಕಡೆದು ಕೊಟ್ಟದ್ದು. ಅದು ನಾಳೆಗೆ ಆಡುವ ಹಾಗಾಗಬೇಕು. ಆಗದಿದ್ದರೆ ತಪ್ಪು ತೋತ್ಕಾ ಅವರದ್ದು. ಅವರೇ ಹಾಗೆ ಹೇಳುತ್ತಾರೆ, ನಾನಲ್ಲ.

ತೋತ್ಕಾ ಯಾರೆಂದು ಪತ್ರಿಕೆಗಳಿಗೆ ಗೊತ್ತಿಲ್ಲ. ಚಾಂಪಿಯನ್ನರ ಫೋಟೊ ಬರುತ್ತದೆ, ಕಪ್ಪಿನ ಫೋಟೊ ಬರುತ್ತದೆ, ಕಪ್ಪು ಕೊಟ್ಟ ಮಂತ್ರಿಯ ಹೊಟ್ಟೆಯ ಫೋಟೊ ಎರಡು ಅಂಕಣದಷ್ಟು ಅಗಲ ಬರುತ್ತದೆ. ಕೋಲು ಒರೆಸುವವರ ಫೋಟೊ ಬರುವುದಿಲ್ಲ. ಆದರೆ ಬಾಲ್ಕನ್ ಬೆಟ್ಟದ ಈಚೆಗೂ ಆಚೆಗೂ ಪೂಲ್ ಆಡುವ ಪ್ರತಿಯೊಬ್ಬರೂ ಒಂದಲ್ಲ ಒಂದು ದಿನ ಈ ಮೆಟ್ಟಿಲಿಳಿದು ಬಂದು, "ಲೆಲ್ಯಾ, ಇದನ್ನ ಸ್ವಲ್ಪ ನೋಡು" ಎಂದಿದ್ದಾರೆ. ಊರಿಗೆಲ್ಲ ಆಕೆ ಲೆಲ್ಯಾ, ಅಂದರೆ ಚಿಕ್ಕಮ್ಮ.

ಅರವತ್ತಮೂರು ವರ್ಷ. ಮೊದಲ ಇಪ್ಪತ್ತು ವರ್ಷದ ದುಡಿಮೆ ಚರ್ಮದ ಕಾರ್ಖಾನೆಯಲ್ಲಿ, ಚರ್ಮ ಕತ್ತರಿಸುವ ವಿಭಾಗದಲ್ಲಿ. ಒಂದು ಚಳಿಗಾಲ ಕಾರ್ಖಾನೆ ಮುಚ್ಚಿತು. ಕೈಯಲ್ಲಿ ಒಂದು ಕತ್ತರಿ, ಒಂದು ಡಬ್ಬಿ ತುಂಬ ಚರ್ಮದ ಚೂರು, ಮನೆಯಲ್ಲಿ ಬೆನ್ನು ಮುರಿದುಕೊಂಡು ಮಲಗಿದ್ದ ಗಂಡ ದಾಂಚೊ. ಪೂಲ್ ಹಾಲ್‌ನಲ್ಲಿ ನೆಲ ಒರೆಸುವ ಕೆಲಸ ಸಿಕ್ಕಿತು. ನೆಲ ಒರೆಸಿದ ಮೇಲೆ ಮೇಜು ಒರೆಸಿದರು. ಮೇಜಾದ ಮೇಲೆ ಕೋಲು ಒರೆಸಿದರು.

"ಕೋಲಿನ ತುದೀಲಿ ಚರ್ಮ ಇದೆ ಅಂತ ಅವತ್ತೇ ನೋಡಿದ್ದು," ಎನ್ನುತ್ತಾರೆ. "ಉಗುರಲ್ಲಿ ಒತ್ತಿ ನೋಡ್ದೆ. ಅಯ್ಯೋ, ಇದು ಹಂದಿ ಚರ್ಮ, ಅದೂ ಸರಿಯಾಗಿ ಹದ ಮಾಡಿಲ್ಲ ಅಂತ ಗೊತ್ತಾಯ್ತು. ಮಾಲೀಕನಿಗೆ ಹೇಳ್ದೆ. ನಿನಗೇನು ಗೊತ್ತು, ನೆಲ ಒರೆಸು ಅಂದ."

ಆ ಮಾಲೀಕ ಗೆಂಚೊ ಈಗ ಆಕೆ ಕೆಮ್ಮಿದರೂ ಎದ್ದು ನಿಲ್ಲುತ್ತಾನೆ.

ಏಳು ಮೇಜು, ಇಪ್ಪತ್ತನಾಲ್ಕು ಕೋಲು. ದಿನಾ ಹಾಲ್ ತೆಗೆಯುವ ಮುನ್ನ ಒಂದೊಂದನ್ನೂ ಕೈಗೆತ್ತಿಕೊಳ್ಳುತ್ತಾರೆ. ಇಪ್ಪತ್ತಮೂರು ವರ್ಷದಿಂದ. ನಾನು ಉತ್ಪ್ರೇಕ್ಷೆಗೆ ಹೆಸರಾದವನು, ಒಪ್ಪುತ್ತೇನೆ. ಆದರೆ ಇದನ್ನು ನೀವೇ ಗುಣಿಸಿ ನೋಡಿ: ಎರಡು ಲಕ್ಷ ಸಲ! ದಿನಕ್ಕೆ ಮೂರು ನಾಲ್ಕು ಮೊನೆಗಳಿಗೆ ಹೊಸ ಚರ್ಮ. ವಾರಕ್ಕೊಂದು ಡಬ್ಬಿ ನೀಲಿ ಸೀಮೆಸುಣ್ಣ, ಅದರಲ್ಲಿ ಅರ್ಧ ಆಕೆಯ ಮೂಗಿನ ಮೇಲೆ.

ಹೊಸಬರು ಬಂದರೆ ಮೊದಲು ಮಾಡುವುದು ಕೋಲನ್ನು ಮೇಜಿನ ಮೇಲೆ ಉರುಳಿಸಿ ನೋಡುವುದು. ತೋತ್ಕಾಗೆ ಅದನ್ನು ಕಂಡರೆ ಮೈಯುರಿ. "ಚಪಾತಿ ಲಟ್ಟಿಸ್ತೀಯೇನೋ? ಮೇಜು ಸೊಟ್ಟಗಿದ್ರೂ ಕೋಲಿಗೇ ಬೈತೀಯ. ಎತ್ತು, ಕಣ್ಣಲ್ಲಿ ನೋಡು."

ಕಣ್ಣಲ್ಲಿ ನೋಡಿದ ಮೇಲೆ ಎರಡು ಬೆರಳ ಮೇಲಿಟ್ಟು ತೂಕ ಎಲ್ಲಿ ಕೂತಿದೆ ಎಂದು ನೋಡುತ್ತಾರೆ. ಗೆಣ್ಣಿನಿಂದ ಬಡಿದು ಕೇಳುತ್ತಾರೆ. ಕೊನೆಗೆ ಬಿಳಿ ಚೆಂಡನ್ನು ನಡುವೆ ಹೊಡೆದು ಎದುರಿನ ಅಂಚಿಗೆ ಕಳಿಸುತ್ತಾರೆ. ಅದು ನೇರ ವಾಪಸು ಬಂದು ಮೊನೆಗೆ ಮುತ್ತಿಡಬೇಕು. ಆಮೇಲೆ ಚೆಂಡಿನ ಎಡಕ್ಕೆ ಹೊಡೆಯುತ್ತಾರೆ. ಎಡಕ್ಕೆ ಹೊಡೆದರೆ ಚೆಂಡು ಸ್ವಲ್ಪ ಬಲಕ್ಕೆ ಜಾರುತ್ತದೆ. ಎಷ್ಟು ಜಾರುತ್ತದೆ ಎಂಬುದೇ ಆ ಕೋಲಿನ ಗುಟ್ಟು.

"ಎಲ್ಲ ಕೋಲೂ ಸುಳ್ಳು ಹೇಳುತ್ತೆ. ಇವತ್ತೊಂದು ನಾಳೆ ಇನ್ನೊಂದು ಹೇಳೋದು ಕೆಟ್ಟ ಕೋಲು. ದಿನಾ ಒಂದೇ ಸುಳ್ಳು ಹೇಳಿದ್ರೆ ಅದರ ಜೊತೆ ಸಂಸಾರ ಮಾಡ್ಬಹುದು," ಎನ್ನುತ್ತಾರೆ. ದಾಂಚೊ ಪಕ್ಕದಲ್ಲಿದ್ದರೆ ಈ ಮಾತಿಗೆ ಕೆಮ್ಮುತ್ತಾರೆ.

ಯಾವ ಕೋಲು ಯಾರಿಗೆ ಎಂದು ಹೇಳುವುದು ಇನ್ನೂ ದೊಡ್ಡ ವಿದ್ಯೆ. ಮೊದಲ ಸಲ ನಾನು ಮುತ್ತಿನ ಕೆತ್ತನೆಯ, ಹಾವಿನ ಚರ್ಮ ಸುತ್ತಿದ, ಸುಲ್ತಾನನ ಕೈಯಲ್ಲಿರಬೇಕಾದ ಕೋಲು ಹಿಡಿದು ಬಂದಿದ್ದೆ. ಲೆಲ್ಯಾ ನನ್ನ ಕೈಬೆರಳು ನೋಡಿದರು, ನಾನು ಚೀಸ್ ತುಂಬಿದ ಬಾನಿತ್ಸಾ ರೊಟ್ಟಿ ತಿನ್ನುವ ಆತುರ ನೋಡಿದರು, ಕೋಲು ಕಿತ್ತುಕೊಂಡು ಗೋಡೆಯ ಹದಿನೇಳನೇ ನಂಬರು ಕೊಟ್ಟರು. "ನಿನಗೆ ಅವಸರ ಜಾಸ್ತಿ, ಮೊನೆ ದಪ್ಪ ಇರ್ಲಿ, ಬುಡ ಭಾರ ಇರ್ಲಿ." ಅಂದಿನಿಂದ ನಾನು ಸೋತ ಆಟಗಳನ್ನು ಎಣಿಸಲು ನನ್ನ ಎರಡೂ ಕೈ ಬೆರಳು ಸಾಕು. ಉಳಿದ ಸಾವಿರ ಗೆಲುವು. ಆ ಋಣದಿಂದಲೇ ಊರಿನ ಪ್ರತಿ ಅಂಗಡಿಯಲ್ಲೂ ಆಕೆಯನ್ನು ಹೊಗಳಿದೆ. "ಕೈಗೆತ್ತಿಕೊಳ್ಳುವುದೇ ಬೇಡ, ರಸ್ತೆಯ ಆಚೆ ಬದಿಯಿಂದಲೇ ಕೋಲಿನ ಕಾಯಿಲೆ ಹೇಳುತ್ತಾಳೆ!" ಎಂದೆ.

ಈ ವಾರದ ಕಷ್ಟ ಶುರುವಾದದ್ದು ಆ ಮಾತಿನಿಂದ.

ಸೋಮವಾರ ಸಂಜೆ ದಿಲ್ಯಾನಾ ಅಭ್ಯಾಸ ಮಾಡುತ್ತಿದ್ದಳು. ಅವಳ ಕೋಲು ಹೊಡೆದಾಗೆಲ್ಲ ಜುಂಯ್ ಎನ್ನುತ್ತಿತ್ತು, ಸೀಸೆಯೊಳಗೆ ಸಿಕ್ಕ ನೊಣದ ಹಾಗೆ. ಎರಡು ವಾರದಿಂದ ಹೀಗೇ. ಆ ಸದ್ದಿಗೆ ಕೈ ಬೆದರಿ ಸುಲಭದ ಚೆಂಡುಗಳೂ ಪಾಕೆಟ್ಟಿನ ಬಾಯಿಯಿಂದ ವಾಪಸಾಗುತ್ತಿದ್ದವು. ತೋತ್ಕಾ ಹಾಲ್‌ನ ಆ ತುದಿಯಲ್ಲಿ ನೆಲ ಒರೆಸುತ್ತಿದ್ದರು.

"ಲೆಲ್ಯಾ, ಅಲ್ಲಿಂದಲೇ ಹೇಳು ನೋಡೋಣ!" ಗೆಂಚೊ ಕೂಗಿದ. "ರಸ್ತೆಯಾಚೆಯಿಂದಲೇ ಗೊತ್ತಾಗುತ್ತಂತಲ್ಲ ನಿಂಗೆ?"

ಎಲ್ಲರೂ ನಕ್ಕರು. ನಾನು ಎದೆಯುಬ್ಬಿಸಿ ಕೂತೆ.

ತೋತ್ಕಾ ಕೋಲನ್ನು ಮುಟ್ಟಲಿಲ್ಲ. "ಒಳಗೆ ಸೀಳಿದೆ. ಮುಗೀತು ಅದರ ಕಥೆ," ಎಂದು ಬಕೆಟ್ಟಿನಲ್ಲಿ ಬಟ್ಟೆ ಹಿಂಡಿದರು.

ಈ ಹಾಲ್‌ನಲ್ಲಿ ಲೆಲ್ಯಾ ಮುಗೀತು ಅಂದರೆ ಮುಗಿಯಿತು. ಮುಗಿದ ಕೋಲಿಗೆ ಕೆಂಪು ದಾರ ಕಟ್ಟುತ್ತಾರೆ. ಅದು ದಾಂಚೊ ಅವರ ಹಿತ್ತಿಲಿಗೆ ಹೋಗಿ ಟೊಮೆಟೊ ಗಿಡಕ್ಕೆ ಆಸರೆಯ ಗೂಟವಾಗುತ್ತದೆ. ಆ ಗಿಡದ ಮೊದಲ ಹಣ್ಣು ಕೋಲಿನ ಒಡೆಯರಿಗೆ. ದಿಲ್ಯಾನಾ ವಾದಿಸಲಿಲ್ಲ. "ಮನೇಲಿಟ್ರೆ ನೋಡಿ ನೋಡಿ ಅಳು ಬರುತ್ತೆ. ಗಿಡಕ್ಕಾದ್ರೂ ಆಸರೆ ಆಗ್ಲಿ. ಅಪ್ಪಂಗೆ ಟೊಮೆಟೊ ಅಂದ್ರೆ ಪ್ರಾಣ ಇತ್ತು," ಎಂದು ಕೊಟ್ಟುಬಿಟ್ಟಳು. ಗೋಡೆಯಿಂದ ಒಂಬತ್ತನೇ ನಂಬರು ತೆಗೆದುಕೊಂಡಳು. ಮಂಗಳವಾರ, ಬುಧವಾರ ಅದರಲ್ಲೇ ಆಡಿದಳು. ಆಡಿದಳು ಎನ್ನುವುದಕ್ಕಿಂತ ಆ ಕೋಲಿನ ಜೊತೆ ಜಗಳವಾಡಿದಳು ಎನ್ನಬೇಕು.

ಗುರುವಾರ ಮಧ್ಯಾಹ್ನ ದಾಂಚೊ ಗಿಡಗಳಿಗೆ ದಾರ ಕಟ್ಟುತ್ತಿದ್ದವರು ಎದ್ದು ಅಡುಗೆಮನೆಯ ಕಿಟಕಿಗೆ ಬಂದರು.

"ತೋತ್ಕೆ, ನಿನ್ನ ಹೆಣ ಗೊಣಗ್ತಿದೆ ಕಣೇ."

"ಯಾವ ಹೆಣ?"

"ಸೋಮವಾರ ಸತ್ತಿದ್ದು. ಗಂಟು ಹಾಕುವಾಗೆಲ್ಲ ಜುಂಯ್ ಅನ್ನುತ್ತೆ. ಬಂದು ನೋಡು."

ಕೋಲಿನ ಮೊನೆ ಮಣ್ಣಿನಲ್ಲಿ ಭದ್ರವಾಗಿ ಹೂತಿತ್ತು. ಮೊನೆಯ ಕಡೆ ಸೀಳಿದ್ದರೆ ಸದ್ದು ಮಣ್ಣಲ್ಲೇ ಅಡಗಬೇಕಿತ್ತು. ಸದ್ದು ಬರುತ್ತಿದ್ದುದು ಮೇಲಿನಿಂದ, ಬುಡದಿಂದ. ತೋತ್ಕಾ ಕೋಲು ಕಿತ್ತು, ಬುಡದ ರಬ್ಬರು ಬಿರಡೆ ತೆಗೆದು, ಸ್ಕ್ರೂಡ್ರೈವರ್ ಇಳಿಸಿದರು. ಭಾರಕ್ಕೆಂದು ದಿಲ್ಯಾನಾಳ ಅಪ್ಪ ಒಳಗೆ ಕೂರಿಸಿದ್ದ ಕಬ್ಬಿಣದ ಬೋಲ್ಟು ಸಡಿಲವಾಗಿತ್ತು. ಅರ್ಧ ಸುತ್ತು ತಿರುಗಿಸಿದರು. ಬಡಿದರು. ಸದ್ದಿಲ್ಲ.

ನಲವತ್ತೊಂದು ವರ್ಷದ ಸಂಸಾರದಲ್ಲಿ ಹೆಂಡತಿ ಒರೆಸದ ನೆಲದ ಮೇಲೆ ಕೂತದ್ದನ್ನು ಅವತ್ತೇ ನೋಡಿದೆ ಎನ್ನುತ್ತಾರೆ ದಾಂಚೊ. ಆಕೆ ಪಾತಿಯ ಕೆಸರಲ್ಲೇ ಕೂತುಬಿಟ್ಟಿದ್ದರು. ಅವರಿಗೆ ಸಮಾಧಾನ ಹೇಳಲು ದಾಂಚೊ ಒಂದು ಉಪಾಯ ಕೊಟ್ಟರು: "ಯಾರಿಗೂ ಹೇಳ್ಬೇಡ. ಸತ್ತ ಕೋಲನ್ನ ಬದುಕಿಸ್ದೆ ಅನ್ನು. ಊರು ನಿನ್ನ ಮೆರವಣಿಗೆ ಮಾಡುತ್ತೆ."

"ಅವಳ ಅಪ್ಪನ ಕೋಲನ್ನ ಮಣ್ಣಿಗೆ ನೆಟ್ಟಿದ್ದೀನಿ, ಮೆರವಣಿಗೆ ಬೇರೆ ಕೇಡು," ಎಂದು ಎದ್ದರು.

ನೇರ ಬಸ್ ಸ್ಟಾಪಿಗೆ ನಡೆದರು, ಕೆಸರು ಮೆತ್ತಿದ ಲಂಗದಲ್ಲಿ, ಕೈಯಲ್ಲಿ ಕೆಸರು ಮೆತ್ತಿದ ಕೋಲು. ನಮ್ಮ ಊರು ಎಷ್ಟು ಉದ್ದವೆಂದರೆ ಒಂದು ತುದಿಯಲ್ಲಿ ಬಸ್ಸು ಹತ್ತಿದ ಹುಡುಗ ಇನ್ನೊಂದು ತುದಿಯಲ್ಲಿ ಮೀಸೆ ಬಂದು ಇಳಿಯುತ್ತಾನೆ. ಆ ಬಸ್ಸು ದಿಲ್ಯಾನಾಳದ್ದು. ನಾನು ಅದರಲ್ಲಿರಲಿಲ್ಲ. ಆದರೆ ಮೂವತ್ತು ಸೀಟಿನ ಆ ಬಸ್ಸಿನಲ್ಲಿ ಅಂದು ಕೂತಿದ್ದ ನಾನೂರು ಜನ ನನಗೆ ಹೇಳಿದ್ದು ಒಂದೇ ಮಾತು.

"ಲೆಲ್ಯಾ, ಟಿಕೆಟ್?" ಎಂದಳು ದಿಲ್ಯಾನಾ, ಆಮೇಲೆ ಕೋಲು ನೋಡಿದಳು.

"ಸೀಳಿಲ್ಲ. ಬೋಲ್ಟು ಸಡಿಲ ಆಗಿತ್ತು ಅಷ್ಟೇ. ನಾನು ಕೈಗೆ ತಗೊಳ್ದೆ ಮಾತಾಡ್ದೆ. ತಪ್ಪು ನಂದು."

ಬಸ್ಸು ನಿಂತೇ ಇತ್ತು. ಹಿಂದಿನಿಂದ ಯಾರೋ, "ಏನಮ್ಮಾ, ಬಸ್ಸು ಇವತ್ತು ಹೊರಡುತ್ತೋ ನಾಳೆಯೋ?" ಎಂದರು. ದಿಲ್ಯಾನಾ ತಿರುಗಿಯೂ ನೋಡಲಿಲ್ಲ. ಕೋಲಿನ ಕೆಸರನ್ನು ಹೆಬ್ಬೆರಳಿಂದ ಸವರಿದಳು.

"ಭಾನುವಾರಕ್ಕೆ ಆಗುತ್ತಾ?"

"ಗೊತ್ತಿಲ್ಲ. ಮೂರು ದಿನ ಮಣ್ಣಲ್ಲಿತ್ತು, ನೀರು ಕುಡಿದಿದೆ. ಆಗುತ್ತೆ ಅಂತ ಸುಳ್ಳು ಹೇಳಲ್ಲ."

"ಹತ್ತು ಲೆಲ್ಯಾ, ಹಾಲ್ ಹತ್ರ ಇಳಿಸ್ತೀನಿ. ಟಿಕೆಟ್ ಬೇಡ."

"ಬೇಕು," ಎಂದು ತೋತ್ಕಾ ಟಿಕೆಟ್ ತೆಗೆದುಕೊಂಡರು.

ಅಲ್ಲಿಂದ ಇಲ್ಲಿಯವರೆಗೆ, ಈ ಶನಿವಾರದ ಬೆಳಗಿನವರೆಗೆ, ಆಕೆ ಸರಿಯಾಗಿ ಮಲಗಿಲ್ಲ. ಒಲೆಯ ಹತ್ತಿರ ಇಟ್ಟರೆ ಬೇಗ ಒಣಗುತ್ತದೆ, ಆದರೆ ಬಾಗುತ್ತದೆ. ಅದಕ್ಕೇ ದಾರಕ್ಕೆ ತೂಗುಹಾಕಿದರು. ಮೊನೆಯ ಚರ್ಮ ನೆನೆದು ಅಣಬೆಯಂತಾಗಿತ್ತು. ಕಾರ್ಖಾನೆಯಿಂದ ತಂದಿದ್ದ ಡಬ್ಬಿಯಲ್ಲಿ ಉಳಿದ ಒಳ್ಳೆಯ ಚೂರುಗಳಲ್ಲಿ ಒಂದನ್ನು ಆರಿಸಿದ್ದಾರೆ. ಈಗ ನನ್ನೆದುರೇ ಅಂಟಿಸಿ, ಒತ್ತಿ, ಕಾದು, ದುಂಡಗೆ ಉಜ್ಜುತ್ತಾರೆ. ಎರಡು ಗಂಟೆ ಒಂದೂ ಮಾತಿಲ್ಲ. ನಾನು ಕೂಡ ಮಾತಾಡುವುದಿಲ್ಲ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ.

ಎಂಟಕ್ಕೆ ದಿಲ್ಯಾನಾ ಬರುತ್ತಾಳೆ. ಗೆಂಚೊ ಬೋಜಾ ಪಾನಕದ ಲೋಟ ಹಿಡಿದು ಕಂಬದ ಹಿಂದೆ ನಿಲ್ಲುತ್ತಾನೆ. ಸೋಮವಾರ ಕೂಗಿದ ಬಾಯಿಗೆ ಇವತ್ತು ಹೊಲಿಗೆ ಬಿದ್ದಿದೆ.

ತೋತ್ಕಾ ಬುಡದ ಮೇಲೆ ಪೆನ್ಸಿಲ್ಲಿನಿಂದ ಸಣ್ಣ ಗೆರೆ ಎಳೆದು ಕೊಡುತ್ತಾರೆ. "ಕೂದಲೆಳೆಯಷ್ಟು ಬಾಗಿದೆ, ಮುಚ್ಚಿಡಲ್ಲ. ಯಾವಾಗ್ಲೂ ಈ ಗೆರೆ ಮೇಲ್ಗಡೆ ಕಾಣ್ತಿರ್ಲಿ. ಹಾಗೆ ಹಿಡಿದ್ರೆ ಬಾಗಿರೋದು ಎಡ ಬಲಕ್ಕೆ ಬರಲ್ಲ. ಬೇಡ ಅನ್ನಿಸಿದ್ರೆ ಒಂಬತ್ತನ್ನೇ ತಗೊಂಡು ಹೋಗು, ನಾನು ಬೇಜಾರು ಮಾಡ್ಕೊಳ್ಳಲ್ಲ."

ದಿಲ್ಯಾನಾ ಗೆರೆಯನ್ನು ಮೇಲ್ಮುಖ ಮಾಡಿ ಮೇಜಿನತ್ತ ಬಾಗುತ್ತಾಳೆ. ಚೆಂಡು ಹೋಗಿ ವಾಪಸು ಬರುತ್ತದೆ, ಮೊನೆಗೆ ಟಕ್ ಎಂದು ತಾಗುತ್ತದೆ. ಎಡಕ್ಕೆ ಹೊಡೆಯುತ್ತಾಳೆ, ಬಲಕ್ಕೆ ಹೊಡೆಯುತ್ತಾಳೆ. ನಲವತ್ತು ಸಲ. ನಾನೂರು ಎಂದು ಬರೆಯಬೇಕೆಂದಿದ್ದೆ, ಆದರೆ ಲೆಲ್ಯಾ ಪಕ್ಕದಲ್ಲಿ ನಿಂತು ಎಣಿಸುತ್ತಿದ್ದರು. ಆಮೇಲೆ ಅವಳು ಕೋಲನ್ನು ಚೀಲಕ್ಕೆ ಹಾಕಿ, ತೋತ್ಕಾರ ಮೂಗಿನ ನೀಲಿ ಧೂಳನ್ನು ತನ್ನ ತೋಳಿನಿಂದ ಒರೆಸುತ್ತಾಳೆ.

"ಅಪ್ಪನ ಕೋಲು ಎರಡು ಸಲ ಸಿಕ್ಕಿದ ಹಾಗಾಯ್ತು ಲೆಲ್ಯಾ. ಬೇರೆ ಯಾರಾದ್ರೂ ಆಗಿದ್ರೆ ಟೊಮೆಟೊ ತಿನ್ನಿಸಿ ಕಳಿಸ್ತಿದ್ರು. ನೀನು ಬಸ್ಸು ಹತ್ತಿ ಬಂದೆ," ಎನ್ನುತ್ತಾಳೆ.

ತೋತ್ಕಾ ಬಕೆಟ್ಟು ಎತ್ತಿಕೊಳ್ಳುತ್ತಾರೆ. "ಹೋಗು, ಬಸ್ಸಿಗೆ ಹೊತ್ತಾಗುತ್ತೆ."

ರಸ್ತೆಯಾಚೆಯ ಕಥೆ ನಾನು ಕಟ್ಟಿದ್ದು ಎಂದು ಇಲ್ಲಿ ಬರೆದುಬಿಡುತ್ತೇನೆ. ಕೈಗೆತ್ತಿಕೊಳ್ಳದೆ ಈಕೆಗೂ ಗೊತ್ತಾಗುವುದಿಲ್ಲ. ಎರಡು ಲಕ್ಷ ಸಲ ಕೈಗೆತ್ತಿಕೊಂಡದ್ದೇ ಆಕೆಯ ಹೆಚ್ಚುಗಾರಿಕೆ, ಅದನ್ನು ಹೊಗಳುವುದು ಬಿಟ್ಟು ಇನ್ನೇನನ್ನೋ ಹೊಗಳಿದೆ.

ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಹಾಲ್‌ನ ಫೋನು ಬಡಿದುಕೊಳ್ಳುತ್ತದೆ. ಗೆಂಚೊ ಎತ್ತಿ, ಕೇಳಿ, ಕುರ್ಚಿ ಹತ್ತಿ, "ತಂಡಕ್ಕೆ ಆಯ್ಕೆ ಆದ್ಲು!" ಎಂದು ಅರಚುತ್ತಾನೆ. ಆ ಕೂಗಿಗೆ ಮೂರು ಊರಾಚೆ ದನಗಳು ಹಾಲು ಬಿಟ್ಟಿರಬೇಕು. ಏಳೂ ಮೇಜಿನವರು ಕುಣಿಯುತ್ತಾರೆ. ಫೋನು ಕೈಯಿಂದ ಕೈಗೆ ಬಂದು ತೋತ್ಕಾರ ಕಿವಿಗೆ ತಲುಪುತ್ತದೆ. ಗದ್ದಲದಲ್ಲಿ ಒಂದು ಕಿವಿ ಮುಚ್ಚಿಕೊಂಡು ಕೇಳಿ, ಅರ್ಧ ನಿಮಿಷದಲ್ಲಿ ಇಟ್ಟುಬಿಡುತ್ತಾರೆ.

"ಏನಂದ್ಲು ಲೆಲ್ಯಾ?" ಎಂದೆ, ಪೆನ್ನು ತೆಗೆದು.

"ಆಡ್ತಾ ಆಡ್ತಾ ಕೈಯಲ್ಲಿ ಕೋಲಿದೆ ಅನ್ನೋದೇ ಮರೆತುಹೋಯ್ತಂತೆ."

ಇಷ್ಟೇನಾ ಎನ್ನುವಂತೆ ನಾನು ನೋಡಿದೆ. ಆಕೆ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮಡಿಸಿ, ಇನ್ನೊಮ್ಮೆ ಮಡಿಸಿ, ಮೇಜಿನ ಅಂಚಿನ ಮೇಲಿಟ್ಟರು.

"ಇದಕ್ಕಿಂತ ದೊಡ್ಡ ಮಾತು ನನ್ನ ಕೆಲಸಕ್ಕೆ ಯಾರೂ ಹೇಳಿಲ್ಲಪ್ಪ," ಎಂದರು.