ಸಂಚಿಯ ಅಡಿಕೆ ಆರಿಸಿಕೊಟ್ಟ ಕಂಪ್ಯೂಟರ್

ಹೊಸನಗರದ ನನ್ನ ಸ್ಟುಡಿಯೋಗೆ ತೀರ್ಥಹಳ್ಳಿಯ ಮದುಮಗಳೊಬ್ಬಳು ಬಂದು, ನಾನೇ ಮಾಡಿಕೊಟ್ಟ ಮದುವೆ ಆಲ್ಬಂ ತೆರೆದಿಟ್ಟಳು.

"ಅಕ್ಕಾ, ಇದ್ರಲ್ಲಿ ನಾನೆಲ್ಲಿದೀನಿ?"

ಜಗಳಕ್ಕೆ ಬಂದಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ. ನನ್ನ ಬಾಯಿಯೇನು ಕಡಿಮೆಯದಲ್ಲ. ಆದರೆ ಅವಳ ಕಣ್ಣಲ್ಲಿ ನೀರಿತ್ತು. ಲಕ್ಷಣವಾದ ಕಪ್ಪು ಹುಡುಗಿ, ಆಲ್ಬಮ್ಮಿನ ತುಂಬ ಅಕ್ಕಿಹಿಟ್ಟು ಬಳಿದುಕೊಂಡವಳ ಹಾಗೆ ಬಿಳುಚಿಕೊಂಡಿದ್ದಳು. ನನ್ನ ಹಳೇ ಲ್ಯಾಪ್‌ಟಾಪಿನ ಪರದೆ ಮಬ್ಬಾಗಿತ್ತು. ಫೋಟೋ ಮಂಕಾಗಿದೆ ಎಂದುಕೊಂಡು ನಾನು ಒಂದೊಂದಕ್ಕೂ ಬೆಳಕು ಏರಿಸುತ್ತ ಹೋಗಿದ್ದೆ. ನಾಚಿಕೆಯಾಯಿತು. "ಇನ್ನೊಂದು ಆಲ್ಬಂ ಮಾಡ್ತೀನಿ. ಅದ್ರಲ್ಲೂ ನೀನು ಕಾಣ್ಲಿಲ್ಲ ಅಂದ್ರೆ ಈ ಕೆಲಸಾನೇ ಬಿಡ್ತೀನಿ" ಎಂದುಬಿಟ್ಟೆ. ದುಡುಕಿ ಮಾತು ಕೊಡುವುದು ನನ್ನ ಹಳೇ ಚಾಳಿ.

ಹೊಸ ಕಂಪ್ಯೂಟರ್ ತರಲು ಮರುದಿನವೇ ಸಾಗರಕ್ಕೆ ಹೊರಟೆ. "ಮನೇಲಿ ಕೂತು ಎಂತ ಮಾಡ್ಲಿ, ನಾನೂ ಬರ್ತೀನಿ" ಎಂದು ಅತ್ತೆಯೂ ಬಸ್ಸು ಹತ್ತಿದರು. ಅವರು ಕಂಡವರ ಮನೆಯ ಅಡಿಕೆ ಆರಿಸುತ್ತಲೇ ವಯಸ್ಸಾದವರು. ಬಣ್ಣ ನೋಡಿಯೇ ಅಡಿಕೆಯ ಜಾತಕ ಹೇಳುತ್ತಾರೆ.

ಹದಿನಾರು ಜಿಬಿ ರ‍್ಯಾಮ್, ಎಸ್ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್ ಎಂದು ದಾರಿಯುದ್ದಕ್ಕೂ ಉರು ಹೊಡೆದಿದ್ದೆ. ಅಂಗಡಿಯವರು ತೋರಿಸಿದ ಮೂರರಲ್ಲೂ ಅವೆಲ್ಲ ಇದ್ದವು, ಪರದೆ ಮಾತ್ರ ಬೇರೆ ಬೇರೆ. ಒಂದರ ಮೈತುಂಬ ಬಣ್ಣದ ದೀಪ ಓಡುತ್ತಿತ್ತು, ಪರದೆಯ ಮೇಲೆ ಜಲಪಾತ ಝಗಝಗಿಸುತ್ತಿತ್ತು. ಅಬ್ಬಾ, ಇದೇ ಸೈ ಎಂದು ಮನಸೋತೆ.

ಅತ್ತೆ ಸಂಚಿ ಬಿಚ್ಚಿ ಒಂದು ಕೆಂಪಡಿಕೆ ತೆಗೆದರು. "ನಿನ್ನ ಕ್ಯಾಮೆರಾದಾಗೆ ಇದ್ರ ಫೋಟೋ ಹೊಡಿ."

ಹೊರಗೆ ಮೆಟ್ಟಿಲ ಮೇಲಿಟ್ಟು ತೆಗೆದು, ಮೂರೂ ಪರದೆಗೆ ಹಾಕಿಸಿದೆ. ಅತ್ತೆಗೆ ಅಷ್ಟಕ್ಕೆ ಸಮಾಧಾನವಿಲ್ಲ. "ಟ್ಯೂಬ್‌ಲೈಟ್ ಕೆಳಗೆ ಅಡಿಕೆ ನೋಡ್ತಾರಾ? ಬಾಗ್ಲ ಕಡೆ ತಿರುಗ್ಸಿ" ಎಂದರು. ಅಂಗಡಿಯವರು ಗೊಣಗುತ್ತಲೇ ತಿರುಗಿಸಿದರು. ಅತ್ತೆ ಅಡಿಕೆಯನ್ನು ದೀಪದ ಪರದೆಯ ಪಕ್ಕ ಹಿಡಿದರು.

"ಇದೆಂತದು ಮಾರಾಯ್ತಿ, ಕುಂಕುಮದಾಗೆ ಅದ್ದಿ ತೆಗ್ದಂಗಿದೆ!"

ಎರಡನೆಯದರಲ್ಲಿ ಅದು ನೀಲಿಗಟ್ಟಿತ್ತು. ಮೂಲೆಯಲ್ಲಿದ್ದ ಮೂರನೆಯದರ ಮುಂದೆ ಅತ್ತೆ ಬಹಳ ಹೊತ್ತು ನಿಂತರು. ಕೈಯ ಅಡಿಕೆ, ಪರದೆಯ ಅಡಿಕೆ ಎರಡೂ ಒಂದೇ ಬಣ್ಣ.

"ಇದು ನಮ್ದೇ" ಎಂದರು.

"ಅಮ್ಮಾ, ಅದ್ರಾಗೆ ಲೈಟ್ ಬರಲ್ಲ" ಎಂದರು ಅಂಗಡಿಯವರು.

"ನಾವು ದೀಪಾವಳಿ ಮಾಡಕ್ಕೆ ತಗಂಡ್ ಹೋಗ್ತಿಲ್ಲ."

ಅಂಗಡಿಗೆ ಅಂಗಡಿಯೇ ನಕ್ಕಿತು. ಅದನ್ನೇ ಕಟ್ಟಿಸಿಕೊಂಡು ಬಂದೆವು.

ಅದರಲ್ಲೇ ಫೋಟೋ ತಿದ್ದಿ ಮಾಡಿಸಿದ ಹೊಸ ಆಲ್ಬಂ ಬಂದ ದಿನ ಹುಡುಗಿಗೆ ಫೋನು ಮಾಡಿದೆ. ಅವಳು ಬಂದಾಗ ಅತ್ತೆಯೂ ಸ್ಟುಡಿಯೋದಲ್ಲೇ ಇದ್ದರು. ಟ್ಯೂಬ್‌ಲೈಟ್ ಕೆಳಗೆ ಕೂತು ಒಂದೊಂದೇ ಪುಟ ತಿರುಗಿಸಿದಳು.

"ಒಳಗಲ್ಲ ಮಗಾ, ಬಾಗ್ಲ ಹತ್ರ ತಗಂಡ್ ಹೋಗಿ ನೋಡು" ಎಂದರು ಅತ್ತೆ.

ಅವಳು ಹೊಸ್ತಿಲಲ್ಲಿ ನಿಂತು, ಧಾರೆಯ ಫೋಟೋದಲ್ಲಿದ್ದ ತನ್ನ ಕೈಯ ಪಕ್ಕಕ್ಕೆ ತನ್ನ ಕೈ ಇಟ್ಟು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ನಕ್ಕಳು.

"ಇಲ್ಲಿದೀನಿ ಅಕ್ಕಾ."