ಒಂದ ಹೆಸರಿಗೆ ಇಬ್ಬರು ಓ ಅಂದ್ರು

ನನಗ ಮನುಷ್ಯಾರ ಮ್ಯಾಲೆ ಸಂಶೆ ಭಾಳ. ಮಿಷನ್ ಕೆಟ್ರ ಮೊದಲು ಅದರ ಹತ್ರ ನಿಂತವರ ಮಾರಿ ನೋಡ್ತೀನಿ. ಗಂಗಾವತಿಯೊಳಗ ಟಿವಿ ರಿಪೇರಿ ಮಾಡಿ ಮಾಡಿ ಅಂಟಿದ ಚಾಳಿ.

ಒಂದು ಅಕ್ಕಿ ಮಿಲ್ಲಿನ್ಯಾಗ ಭತ್ತ ಒಣಗಿಸೋ ಡ್ರೈಯರಿಗೆ ತೇವ ತೋರಿಸೋ ಬೋರ್ಡ್ ಮಾಡಿ ಕೊಟ್ಟಿದ್ದೆ. ಮ್ಯಾಲೆ ಒಂದು ಸೆನ್ಸರ್ ಇತ್ತು, ಛಲೋ ನಡೀತಿತ್ತು. ಕೆಳಗೂ ಇರಲಿ ಅಂತ ಅಂಥಾದ್ದ ಇನ್ನೊಂದನ್ನ ಅದೇ ವೈರಿಗೆ ಜೋಡಿಸಿದೆ. ಅದನ್ನ ಒಳಗ ಕಟ್ಟಿದಾಂವ ಹುಲಿಹೈದರ ಊರಿನ ಕಾಕಾ. ಭತ್ತದ ಕಾಳು ಹಲ್ಲಿನ್ಯಾಗ ಕಡದು ಒಣಗೈತೋ ಇಲ್ಲೋ ಹೇಳೋದ ಅವನ ಕೆಲಸ. ಅವತ್ತಿಂದ ಬೋರ್ಡು ಹುಚ್ಚುಚ್ಚಾರ ಅಂಕಿ ತೋರಿಸಾಕ ಹತ್ತಿತು.

"ತಮ್ಮಾ, ಇದು ಇನ್ನೂ ಹಸಿ ಐತಿ. ನಿನ್ನ ಮಿಷನ್ ಸುಳ್ಳು ಹೇಳಾಕ್ಹತ್ತೈತಿ ನೋಡು," ಅಂದ ಕಾಕಾ, ಕಾಳು ಉಗುಳಿ.

ವೈರ್ ಬದಲಿ ಮಾಡಿದೆ, ಬೆಸುಗೆ ಬಿಚ್ಚಿ ಮತ್ತ ಹಾಕಿದೆ. ಊಹೂಂ! ಬೋರ್ಡು ಬಂದ್ರ ತನ್ನ ಕೆಲಸ ಹೋಗ್ತೈತಿ ಅಂತ ಈ ಮುದುಕನ ಏನೋ ಕೈ ಆಡಿಸ್ಯಾನ ಅಂತ ಅನಿಸ್ತು. ಮಾಲಕರ ಕಿವ್ಯಾಗ ಹಂಗ ಊದಿದೆ. ನಾಳಿಂದ ಬರಬ್ಯಾಡ ಅಂದ್ರು ಅವರು. ಕಾಕಾ ಟವೆಲ್ ಝಾಡಿಸಿ ಹೆಗಲಿಗೆ ಹಾಕ್ಕೊಂಡು ಹೋದ.

ಮರುದಿನ ಒಂದು ಸೆನ್ಸರ್ ತಗದೆ, ಅಂಕಿ ಸರಿ. ಅದನ್ನ ಹಾಕಿ ಇನ್ನೊಂದು ತಗದೆ, ಆಗೂ ಸರಿ. ಎರಡೂ ಕೂಡಿದ್ರ ಮತ್ತ ಅದೇ ಹಾಡು. ಎಲಾ ಇವನ! ಕಾಕಾ ಊರಾಗ ಅದಾನ, ಮತ್ತ ಇಲ್ಲಿ ಯಾರು? ವಾಚ್‌ಮನ್ ಮ್ಯಾಲೂ ನನ್ನ ಕಣ್ಣು ಹೋತು.

ಅಷ್ಟರಾಗ ಮಾಲಕರು ಆಫೀಸಿನಿಂದ "ಕಾಕಾ!" ಅಂತ ಕೂಗಿದ್ರು. "ಓ, ಬಂದ್ನಿರಿ," ಅಂದ ವಾಚ್‌ಮನ್. ಅವನೂ ಎಲ್ಲಾರಿಗೂ ಕಾಕಾನ. ಇಷ್ಟು ದಿನ ಹಂಗ ಕೂಗಿದ್ರ ಆ ಕಡೆ ಒಬ್ಬ, ಈ ಕಡೆ ಒಬ್ಬ ಓ ಅಂತಿದ್ರು. ಇಬ್ಬರೂ ಕೂಡೇ ಮಾತಾಡಿ ಮಾಲಕರಿಗೆ ಒಂದೂ ತಿಳೀತಿರಲಿಲ್ಲ.

ನನ್ನ ಕೈ ನಿಂತು ಹೋತು. ಎರಡೂ ಸೆನ್ಸರ್ ಒಂದ ಜಾತಿಯವು, ಕಂಪನಿಯಿಂದ ಬರೋವಾಗ ಎರಡಕ್ಕೂ ಒಂದ ಅಡ್ರೆಸ್, ಅಂದ್ರ ಬೋರ್ಡು ಕರಿಯೋ ಹೆಸರು. ಬೋರ್ಡು ಒಂದನ್ನ ಕರದ್ರ ಎರಡೂ ಓ ಅಂತಿದ್ದವು, ಉತ್ತರ ಕಲಬೆರಕಿ ಆಗ್ತಿತ್ತು. ಒಂದರ ಸಣ್ಣ ತಂತಿ ಕಾಲಿಗೆ ಬೆಸುಗೆ ಹಾಕಿ ಅಡ್ರೆಸ್ ಬದಲಿಸಿದೆ. ಡ್ರೈಯರಿನ್ಯಾಗ ಉಳಿದಿದ್ದ ನಿನ್ನಿ ಭತ್ತ ಇನ್ನೂ ಹಸಿ ಅಂತ ಬೋರ್ಡಿನ್ಯಾಗ ಬಂತು. ಕಾಕಾನ ಹಲ್ಲು ಹೇಳಿದ್ದ ಖರೇ ಇತ್ತು.

ಮಾಲಕರಿಗೆ ತಪ್ಪು ನಂದ ಅಂತ ಹೇಳಿ, ಹುಲಿಹೈದರಕ್ಕ ಗಾಡಿ ಬಿಟ್ಟೆ. ಕಾಕಾ ಕಟ್ಟಿ ಮ್ಯಾಲೆ ಕುಂತಿದ್ದ. ನಾಚಿಕಿಯಿಂದ ನನಗ ಅವನ ಮಾರಿ ನೋಡಾಕ ಆಗಲಿಲ್ಲ.

"ಕಾಕಾ, ನಂದ ತಪ್ಪಾತು. ಮಾಲಕರು ಕರದಾರ, ಬಾ."

ಅಂವ ಎದ್ದು ನಿಂತ. "ಬರ್ತೀನ್ರಿ, ಸಾಹೇಬ್ರ," ಅಂದ.

ಮರುದಿನ ಕೆಲಸಕ್ಕ ಬಂದ, ಮತ್ತ ಎಷ್ಟೋ ವರ್ಷ ಅಲ್ಲೇ ಇದ್ದ. ನನ್ನನ್ನ ತಮ್ಮಾ ಅಂತ ಮಾತ್ರ ಮುಂದ ಒಮ್ಮಿನೂ ಕರೀಲಿಲ್ಲ.