ಹೊಸ್ತಿಲಾಚೆಯ ಕೆಮ್ಮು

ಅತ್ತೆ ಮೊದಲ ಸಲ ಬಚ್ಚಲಲ್ಲಿ ಬಿದ್ದು ಮುಂಗೈ ಮುರಿದುಕೊಂಡಾಗ ಬಾಗೇವಾಡಿಯ ಡಾಕ್ಟರು ನನ್ನನ್ನು ಬದಿಗೆ ಕರೆದು ಹೇಳಿದ್ದರು: "ಅಜ್ಜಿ ಒಮ್ಮೆಲೆ ಏಳಬಾರ್ದ್ರಿ, ತಲಿ ತಿರಗತೈತಿ. ಇನ್ನೊಮ್ಮಿ ಬಿದ್ರ ಹಾಸಿಗಿನ ಗತಿ." ಬಚ್ಚಲ ಗೋಡೆಗೆ ಹಿಡಿಕೆ ಹಾಕಿಸಿದೆ. ಕಾಲಿಗೆ ತೊಡರುವ ಕೌದಿಗಳನ್ನೆಲ್ಲ ಗಂಟು ಕಟ್ಟಿ ಅಟ್ಟಕ್ಕೆಸೆದೆ. ಇಳಕಲ್ ಸೀರೆಯನ್ನು ದಿನಾ ನಾನೇ ಪಾದದಿಂದ ಮೇಲೆತ್ತಿ ಉಡಿಸಿದೆ.

"ಜನ ನಗ್ತಾರ" ಎಂದರು ಅತ್ತೆ.

"ನಗಲಿ ಬಿಡ್ರಿ. ಅವರೇನು ಬಂದು ನಿಮ್ಮ ಎಲಬು ಕೂಡಿಸ್ತಾರೇನು?" ಎಂದೆ.

ಆದರೆ ಒಂದು ಕೆಮ್ಮಿಗೆ ಮಾತ್ರ ನನ್ನಲ್ಲಿ ಉಪಾಯವಿರಲಿಲ್ಲ. ಅದು ಅತ್ತೆಯ ಭಾವನದು, ಅಂದರೆ ಮಾವನ ಅಣ್ಣನಾದ ನಮ್ಮ ದೊಡ್ಡ ಮಾವನದು. ಹೂವಿನ ಹಿಪ್ಪರಗಿಯಲ್ಲಿ ಅವರದು ನಮ್ಮ ಎದುರು ಮನೆ. ಬೆಳಿಗ್ಗೆ ಚಹಾಕ್ಕೆ ಬಂದವರು, ಒಳಗೆ ಹೆಣ್ಣುಮಕ್ಕಳಿದ್ದಾರೆಂದು ಹೊಸ್ತಿಲಾಚೆ ನಿಂತು ಕೆಮ್ಮುವರು. ಕೆಮ್ಮು ಕೇಳಿದ್ದೇ ತಡ, ಅತ್ತೆ ತಟ್ಟನೆ ಎದ್ದು, ಸೆರಗು ಹೊದ್ದು ಬಾಗಿಲ ಮರೆಗೆ ಹೋಗುವರು. ಸಾಲೋಟಗಿಯಿಂದ ಸೊಸೆಯಾಗಿ ಬಂದ ದಿನದಿಂದ ಭಾವನ ಮುಂದೆ ಕೂತವರಲ್ಲ, ನೇರ ಮಾತಾಡಿದವರೂ ಅಲ್ಲ. "ಸಕ್ಕರಿ ಸಾಕೇನ ಕೇಳವಾ" ಎಂದು ಇವರು ಮರೆಯಿಂದ ನನಗೆ ಹೇಳಬೇಕು, "ಸಾಕಂತ ಹೇಳವಾ" ಎಂದು ಅವರೂ ನನಗೇ ಹೇಳಬೇಕು. ಎರಡು ಮಾರು ದೂರಕ್ಕೆ ನಾನು ಟಪಾಲಿನವಳು! ಆದರೂ ಮಾವ ತೀರಿದ ಮೇಲೆ ಅತ್ತೆಯ ಮುಖ ಅರಳುತ್ತಿದ್ದುದು ಆ ಹೊತ್ತಿನಲ್ಲೇ.

"ಕುಂತೇ ಇರ್ರಿ ಅತ್ತಿ, ಕೈ ಮುಗೀತೇನಿ" ಎಂದೆ.

"ಭಾವಾರ ಮುಂದ ಕುಂದರ್ಲ್ಯಾ? ಸತ್ತಾಗ ನೀವೇ ಗ್ವಾಡಿಗಿ ಆನಿಸಿ ಕೂಡಸ್ತೀರಲ್ಲ, ಆವಾಗ ಕುಂದರ್ತೇನಿ ತಗೋ."

ಕೊನೆಗೆ ದೊಡ್ಡ ಮಾವನಿಗೇ ಹೇಳಿದೆ, ಕೆಮ್ಮಬೇಡಿರಿ ಎಂದು. ಮರುದಿನ ಸದ್ದಿಲ್ಲದೆ ಬಂದರು. ಅತ್ತೆ ಅವರ ಕೋಲಿನ ಸಪ್ಪಳಕ್ಕೇ ಎದ್ದರು, ಎದ್ದವರು ಬಾಗಿಲ ಚೌಕಟ್ಟಿಗೆ ಬಡಿದು ಬಿದ್ದರು. ನಾನು ಓಡಿ ಬಂದಾಗ ಹಣೆಯಿಂದ ರಕ್ತ ಹರಿಯುತ್ತಿತ್ತು. ದೊಡ್ಡ ಮಾವ ಎರಡೂ ಕೈ ಮುಂದೆ ಚಾಚಿ ಹಾಗೇ ನಿಂತಿದ್ದರು. ತಮ್ಮನ ಹೆಂಡತಿಯನ್ನು ಮುಟ್ಟುವಂತಿಲ್ಲ.

"ಎತ್ತವಾ, ಆಕೀನ ಎತ್ತವಾ!" ಎಂದು ಅಳುತ್ತಾ ಕೂಗುತ್ತಿದ್ದರು. ನನ್ನ ಪಿತ್ತ ನೆತ್ತಿಗೇರಿತು. "ಹಿಡಿದ್ರ ಕೈ ಸವೀತಿದ್ವೇನ್ರಿ?" ಎಂದುಬಿಟ್ಟೆ. ಅವರು ತಮ್ಮ ಕೈಗಳನ್ನೇ ನೋಡಿಕೊಂಡರು.

ಪುಣ್ಯಕ್ಕೆ ಅತ್ತೆಯ ಎಲುಬು ಮುರಿದಿರಲಿಲ್ಲ. ಮರುದಿನದಿಂದ ದೊಡ್ಡ ಮಾವ ಬರಲಿಲ್ಲ. ಅತ್ತೆ ದಿನಾ ಚಹಾ ಸೋಸಿಸಿ ಇಡಿಸುವರು, ಅದು ಕೆನೆಗಟ್ಟಿ ಆರುವುದು. "ನನ್ನಿಂದೇನು ತಪ್ಪಾತು, ಕೇಳಿ ಬಾ" ಎಂದರು. ಹೋಗಿ ಕೇಳಿದೆ.

"ನನ್ನ ಸಲುವಾಗಿ ಬಿದ್ದು ಸತ್ತಾಳು. ಕುಂತಿರ್ತೇನಿ ಅಂತ ಮಾತು ಕೊಡಂತ ಹೇಳು, ಬರ್ತೇನಿ" ಎಂದರು ದೊಡ್ಡ ಮಾವ.

ಅತ್ತೆ ಸಿಟ್ಟಿಗೆದ್ದರು, ಅತ್ತರು, ನನ್ನ ಜೊತೆ ಮಾತು ಬಿಟ್ಟರು. ಎಳ್ಳಮಾವಾಸ್ಯೆಯ ಚಳಿಗೆ ದೊಡ್ಡ ಮಾವ ಜ್ವರ ಬಂದು ಮಲಗಿದ್ದಾರೆಂದು ತಿಳಿದ ದಿನ ಮೆತ್ತಗೆ ಹೇಳಿದರು: "ಕುಂತಿರ್ತೇನಂತ ಹೇಳು ಹೋಗು."

ಓಡಿದೆ. ದೊಡ್ಡ ಮಾವ ಬೊಚ್ಚು ಬಾಯಿ ತುಂಬ ನಕ್ಕರು. "ಜ್ವರ ಇಳೀಲಿ, ಬರ್ತೇನಿ" ಎಂದರು. ಅವರು ಮಲಗಿದಲ್ಲಿಗೆ ಅತ್ತೆ ಹೋಗುವಂತಿಲ್ಲ. ದಿನಾ ಬೆಳಿಗ್ಗೆ ಬಾಗಿಲಿಗೆ ಮುಖ ಮಾಡಿ, ಕುರ್ಚಿಯ ಕೈ ಬಿಗಿ ಹಿಡಿದು ಕೂತು ಕಾದರು. ಜ್ವರ ಇಳಿಯಲಿಲ್ಲ.

ದೊಡ್ಡ ಮಾವನನ್ನು ಅವರ ಪಡಸಾಲೆಯಲ್ಲಿ ಗೋಡೆಗೆ ಆನಿಸಿ, ವಿಭೂತಿ ಹಚ್ಚಿ, ರುಮಾಲು ಸುತ್ತಿ ಕೂಡಿಸಿದ್ದರು. ನಾನು ಅತ್ತೆಯ ರಟ್ಟೆ ಹಿಡಿದು ಕರೆದೊಯ್ದೆ. ಯಾರೋ ಕುರ್ಚಿ ತಂದು ಎದುರಿಗಿಟ್ಟರು. ಅತ್ತೆ ಕೂತರು. ಸೆರಗನ್ನು ಕಣ್ಣಿನವರೆಗೆ ಎಳೆದುಕೊಂಡು, ಜನ್ಮದಲ್ಲಿ ಮೊದಲ ಸಲ ಅವರ ಜೊತೆ ನೇರ ಮಾತಾಡಿದರು.

"ಕುಂತೇನ್ರಿ ಭಾವಾ. ನೋಡ್ರಿ, ಎದ್ದಿಲ್ಲ. ಇನ್ನರೆ ಚಹಾಕ್ಕ ಬರ್ರಿ."